ಗಸಿ ತೆಗೆದ ಸಂಜೆ, ಹೊಳಪು ಕೊಟ್ಟ ವಾರ

ಮೊದಲು ಬದಲಾದದ್ದು ಪಂಪಿನ ಸದ್ದು. ಜೋರಾಗಲಿಲ್ಲ, ಮೂಗು ಕಟ್ಟಿದವರು ನಿದ್ದೆಯಲ್ಲಿ ಉಸಿರೆಳೆಯುವಂತೆ ತುಸು ತಿಣುಕತೊಡಗಿತು. ಎರಡು ತಿಂಗಳು ನಾನು ಅದನ್ನು ಕೇಳಿಯೂ ಕೇಳದವನಂತೆ ಇದ್ದೆ. ನೀರಿನಿಂದ ತಣಿಯುವ ಕಂಪ್ಯೂಟರ್ ಇಟ್ಟುಕೊಂಡವರಿಗೆ ಈ ಸೋಮಾರಿತನದ ಬೇರು ಗೊತ್ತು. ಫ್ಯಾನ್ ಕೂಲರ್ ಆದರೆ ದೂಳು ಊದಿದರೆ ಮುಗಿಯಿತು. ಇಲ್ಲಿ ಒಂದು ತಿರುಪು ಸಡಿಲಿಸಬೇಕೆಂದರೂ ಮೊದಲು ಒಂದು ಲೀಟರ್ ದ್ರವವನ್ನು ಹೊರಗೆ ಹರಿಸಬೇಕು, ಕೊಳವೆಗಳನ್ನು ಕಳಚಬೇಕು, ಕೆಳಗೆ ಹಾಸಿದ ಬಟ್ಟೆಯ ಮೇಲೆ ಬೀಳದೆ ಪಕ್ಕದಲ್ಲೇ ಬೀಳುವ ಹನಿಗಳನ್ನು ಒರೆಸಬೇಕು.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಅಂಕಿಗಳು. ಈ ಯಂತ್ರವನ್ನು ಜೋಡಿಸಿದ ದಿನದಿಂದ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಪ್ರೊಸೆಸರಿಗೆ ಪೂರ್ತಿ ಹೊರೆ ಕೊಟ್ಟು, ಅರ್ಧ ಗಂಟೆ ಓಡಲು ಬಿಟ್ಟು, ಅದರ ತಾಪಮಾನದಿಂದ ದ್ರವದ ತಾಪಮಾನವನ್ನು ಕಳೆದು ಉಳಿದದ್ದನ್ನು ಬರೆದಿಡುತ್ತೇನೆ. ಪ್ರೊಸೆಸರಿನ ತಾಪಮಾನ ಒಂದನ್ನೇ ನೋಡಿ ಪ್ರಯೋಜನವಿಲ್ಲ. ಕೋಣೆ ಬೆಚ್ಚಗಿದ್ದ ದಿನ ಅದೂ ಏರುತ್ತದೆ. ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿಯನ್ನು ದ್ರವಕ್ಕೆ ದಾಟಿಸುವ ಬ್ಲಾಕಿನ ನಾಡಿ ಸಿಗುವುದು ಈ ಅಂತರದಲ್ಲಿ. ಬ್ಲಾಕ್ ಹೊಸದಾಗಿದ್ದಾಗ ಅಂತರ 34 ಡಿಗ್ರಿ ಇತ್ತು. ಈಗ 47. ದ್ರವದ ಹರಿವು ಗಂಟೆಗೆ 210 ಲೀಟರ್ ಇದ್ದದ್ದು 120ಕ್ಕೆ ಇಳಿದಿತ್ತು.

ದ್ರವದ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರಿನ ತಪ್ಪಾಗಿದ್ದರೆ ದ್ರವವೇ ಬಿಸಿಯಾಗಿರಬೇಕಿತ್ತು. ಅದು ಎಂದಿನಂತೆ 36ರ ಆಸುಪಾಸಿನಲ್ಲೇ ಇತ್ತು. ಅಂದರೆ ಬಿಸಿ ಹೊರಗೆ ಹೋಗದೆ ಇರುವುದಲ್ಲ, ದ್ರವದೊಳಕ್ಕೇ ಬರುತ್ತಿಲ್ಲ. ಕಟ್ಟಿಕೊಂಡಿರುವುದು ಬ್ಲಾಕ್.

ನನ್ನ ಬ್ಲಾಕಿನದು ಸಾಮಾನ್ಯ ರಚನೆ. ಕೆಳಗೆ ನಿಕಲ್ ಲೇಪಿಸಿದ ತಾಮ್ರದ ತಟ್ಟೆ, ಮೇಲೆ ಪಾರದರ್ಶಕ ಅಕ್ರಿಲಿಕ್ ಮುಚ್ಚಳ, ನಡುವೆ ಉದ್ದ ಸೀಳಿರುವ ಒಂದು ತೆಳು ಲೋಹದ ಹಾಳೆ, ಸುತ್ತ ಸೋರಿಕೆ ತಡೆಯುವ ಒಂದು ರಬ್ಬರ್ ಬಳೆ, ಅಂದರೆ ಓ-ರಿಂಗ್. ಒಳಬರುವ ದ್ರವ ಆ ಸೀಳಿನಲ್ಲಿ ನುಗ್ಗಿ, ತಟ್ಟೆಯ ಮೇಲೆ ಸಾಲಾಗಿ ನಿಂತ ತೆಳು ಹಲ್ಲುಗಳಾದ ಫಿನ್‌ಗಳ ನಟ್ಟನಡುವೆ ಧುಮುಕುತ್ತದೆ, ಅಲ್ಲಿಂದ ಎರಡು ಕಡೆಗೂ ಹರಡಿ ಹೊರಹೋಗುತ್ತದೆ. ಎಂಟು ತಿರುಪು ಬಿಚ್ಚಿ ಮುಚ್ಚಳ ಎತ್ತಿದಾಗ ಆ ಸೀಳು ಎಲ್ಲಿದೆಯೆಂದು ಹುಡುಕಬೇಕಾಯಿತು. ಸೀಳಿನ ಮೇಲೆ, ಅಂಚಿನಲ್ಲಿ, ಕೆಳಗಿನ ಫಿನ್‌ಗಳ ಸಂದಿನಲ್ಲಿ ಬೂದುಬಿಳಿ ಗಸಿ ಕೂತಿತ್ತು. ಬೆರಳಲ್ಲಿ ತೆಗೆದು ಉಜ್ಜಿದರೆ ಸುಣ್ಣದಂತೆ ನುಣ್ಣಗೆ, ಆದರೆ ಎಣ್ಣೆಯಂತೆ ಜಿಡ್ಡು.

ಈ ಗಸಿಗೆ ಇಬ್ಬರು ತಂದೆಯರು. ಒಬ್ಬ, ನಾಲ್ಕು ವರ್ಷದ ಹಿಂದೆ ನಾನು ಮೋಹಗೊಂಡು ತುಂಬಿಸಿದ ಅಪಾರದರ್ಶಕ ಬಿಳಿ ಕೂಲೆಂಟ್. ಅದರ ಬಣ್ಣ ಕರಗಿದ ಬಣ್ಣವಲ್ಲ, ದ್ರವದಲ್ಲಿ ತೇಲಿಬಿಟ್ಟ ಸೂಕ್ಷ್ಮ ಕಣಗಳ ಬಣ್ಣ. ಕಣಗಳು ತೇಲುತ್ತಿರುವಷ್ಟು ಕಾಲ ಚೆಂದ. ಎಲ್ಲಿ ಹರಿವು ನಿಧಾನವೋ, ಎಲ್ಲಿ ಸಂದು ಕಿರಿದೋ ಅಲ್ಲಿ ಅವು ಕೂರತೊಡಗುತ್ತವೆ, ಒಮ್ಮೆ ಕೂತವು ಉಳಿದವನ್ನೂ ಕರೆಯುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಬಾಟಲಿಯ ಮೇಲೆಯೇ ಅಚ್ಚು ಹಾಕಬಹುದಿತ್ತು. ಎರಡನೆಯವನು ಮೆದು ಪಿವಿಸಿ ಕೊಳವೆ. ಪಿವಿಸಿ ಹುಟ್ಟಾ ಗಡುಸು. ಅದು ಬಾಗಲೆಂದು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸುತ್ತಾರೆ. ಬೆಚ್ಚನೆಯ ದ್ರವ ವರ್ಷಗಟ್ಟಲೆ ಹರಿಯುವಾಗ ಆ ಜಿಡ್ಡು ಕೊಳವೆಯಿಂದ ಹೊರಬಂದು, ಇಡೀ ಸುತ್ತಿನಲ್ಲಿ ಅತಿ ಕಿರಿದಾದ ಜಾಗವನ್ನು ಹುಡುಕಿ ಅಂಟಿಕೊಳ್ಳುತ್ತದೆ. ನನ್ನ ಕೊಳವೆಗಳು ಮಂಜು ಮುಸುಕಿದಂತಾಗಿ ಹಿಂದಿಗಿಂತ ಗಡುಸಾಗಿದ್ದವು. ಅವು ಕಳೆದುಕೊಂಡದ್ದೆಲ್ಲ ಈಗ ನನ್ನ ಬೆರಳಿನ ಮೇಲಿತ್ತು. ಅವನ್ನು ಕಸದ ಬುಟ್ಟಿಗೆ ಹಾಕಿ ಇಪಿಡಿಎಂ ರಬ್ಬರಿನ ಕಪ್ಪು ಕೊಳವೆ ತಂದೆ. ಒಳಗಿನದೇನೂ ಕಾಣುವುದಿಲ್ಲ, ನೋಡಲು ತೋಟಕ್ಕೆ ನೀರು ಬಿಡುವ ಪೈಪಿನಂತಿದೆ, ನನಗೆ ಚಿಂತೆಯಿಲ್ಲ.

ಫಿನ್‌ಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಬ್ಲಾಕ್ ಎಂದರೆ ಅವೇ. ಉಳಿದದ್ದು ಅವುಗಳ ಮನೆ. ತಾಮ್ರದ ಗಟ್ಟಿಯನ್ನೇ ತೆಳ್ಳಗೆ ಸೀಳಿ ನಿಲ್ಲಿಸಿದ ಬಾಚಣಿಗೆ ಅದು. ನನ್ನದರಲ್ಲಿ ಸಂದುಗಳು 72, ಒಂದೊಂದೂ ಹೆಚ್ಚುಕಡಿಮೆ ಕಾಲು ಮಿಲಿಮೀಟರ್ ಅಗಲ, ಅಂದರೆ ಎರಡು ಮೂರು ತಲೆಗೂದಲು ಪಕ್ಕಪಕ್ಕ ಮಲಗುವಷ್ಟು. ಇಷ್ಟು ಕಿರಿದೇಕೆ ಎಂದರೆ, ನೀರು ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ಗಟ್ಟಿಗ, ತನ್ನೊಳಗೆ ದಾಟಿಸಿಕೊಳ್ಳುವುದರಲ್ಲಿ ಕಡುದಡ್ಡ. ತಾಮ್ರದ ಉಷ್ಣವಾಹಕತೆ ಸುಮಾರು 400 ಇದ್ದರೆ ಅದೇ ಮಾನದಲ್ಲಿ ನೀರಿನದು 0.6. ಆದ್ದರಿಂದ ಬಿಸಿಯು ನೀರಿನೊಳಗೆ ನಡೆಯಬೇಕಾದ ದಾರಿಯನ್ನು ಮೊಟಕು ಮಾಡಬೇಕು. ಸಂದು ಕಿರಿದಾದಷ್ಟೂ ದಾರಿ ಮೊಟಕು. 1981ರಲ್ಲಿ ಸ್ಟ್ಯಾನ್‌ಫರ್ಡ್‌ನ ಟಕರ್‌ಮನ್ ಮತ್ತು ಪೀಸ್ ಎಂಬಿಬ್ಬರು ಸಿಲಿಕಾನ್ ಬಿಲ್ಲೆಯಲ್ಲೇ 50 ಮೈಕ್ರಾನ್ ಅಗಲ, 300 ಮೈಕ್ರಾನ್ ಆಳದ ಕಾಲುವೆಗಳನ್ನು ಕೊರೆದು, ಒಂದು ಚದರ ಸೆಂಟಿಮೀಟರಿನಿಂದ 790 ವ್ಯಾಟ್ ಬಿಸಿಯನ್ನು ನೀರಿನಿಂದ ಎತ್ತಿ ತೋರಿಸಿದರು. ನಮ್ಮ ಮೇಜಿನ ಮೇಲಿನ ಬ್ಲಾಕುಗಳು ಆ ಯೋಚನೆಯ ಮೊಮ್ಮಕ್ಕಳು. ಜಾಣತನವೆಲ್ಲ ಸಂದಿನ ಕಿರಿದುತನದಲ್ಲಿರುವಾಗ, ಗಸಿಯೂ ನೇರವಾಗಿ ಆ ಜಾಣತನದ ಮೇಲೆಯೇ ಕೂರುತ್ತದೆ. ರೇಡಿಯೇಟರಿನ ಅಗಲವಾದ ಕಾಲುವೆಯಲ್ಲಿ ಅಷ್ಟೇ ಗಸಿ ಇದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ತೊಳೆಯುವುದರಲ್ಲಿ ದೊಡ್ಡ ವಿದ್ಯೆಯಿಲ್ಲ, ತಾಳ್ಮೆ ಇದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ, ಎಳೆ ಮಕ್ಕಳ ಮೆದು ಹಲ್ಲುಜ್ಜುವ ಬ್ರಷ್. ಬ್ರಷ್ ಫಿನ್‌ಗಳ ಉದ್ದಕ್ಕೆ ಮಾತ್ರ ಓಡಬೇಕು. ಅಡ್ಡ ಎಳೆದರೆ ಅವು ಬಾಗುತ್ತವೆ. ಜಿಡ್ಡು ಹೆಚ್ಚಿದ್ದರಿಂದ ತಟ್ಟೆಯನ್ನು ಸೋಪುನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿದೆ. ಮೇಲಿನದು ಬಂತು, ಸಂದಿನ ತಳದ್ದು ಬರಲಿಲ್ಲ. ಹಿಂದೊಮ್ಮೆ ಬೇರೊಂದು ಬ್ಲಾಕಿನಲ್ಲಿ ಗುಂಡುಪಿನ್ನು ಹಾಕಿ ಕೆರೆದು ಒಂದು ಫಿನ್ ಅನ್ನು ಪಕ್ಕದ್ದರ ಮೇಲೆ ಮಲಗಿಸಿದ್ದೆ. ಅದನ್ನು ಎಬ್ಬಿಸಲು ಹೋಗಿ ಇನ್ನೊಂದನ್ನು ಮಲಗಿಸಿದ್ದೆ. ಆದ್ದರಿಂದ ಈ ಬಾರಿ ಫೈಲುಗಳಿಗೆ ಹೊದಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿಕೊಂಡೆ. ವರ್ನಿಯರ್‌ನಲ್ಲಿ ಅಳೆದರೆ 0.1 ಮಿಲಿಮೀಟರ್ ದಪ್ಪ. ಲೋಹವನ್ನು ಗೀರುವಷ್ಟು ಗಟ್ಟಿಯಲ್ಲ, ಗಸಿಯನ್ನು ದೂಡುವಷ್ಟು ಸೆಟೆದಿದೆ. 72 ಸಂದಿಗೆ ಒಂದೊಂದಾಗಿ ಆ ಪಟ್ಟಿ ಹಾಯಿಸಿದೆ. ಭೂತಗನ್ನಡಿ ಬೇಕಾಯಿತು, ಕತ್ತು ಹಿಡಿಯಿತು, 40ರ ಆಚೆ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಹೋದೆ. ಕೊನೆಗೆ ಡಿಸ್ಟಿಲ್ಡ್ ನೀರಿನಿಂದ ತೊಳೆದು ದೀಪಕ್ಕೆ ಹಿಡಿದಾಗ ಸಂದುಗಳ ತಳ ಮಿನುಗಿತು.

ವಿನಿಗರ್ ಏಕಿಲ್ಲ ಎಂದು ಕೇಳುವವರಿಗೆ: ಆ ಹಳೆಯ ಬ್ಲಾಕ್ ಬರಿಯ ತಾಮ್ರದ್ದು. ಅದಕ್ಕೆ ವಿನಿಗರ್ ಚೆನ್ನಾಗಿಯೇ ಒಗ್ಗಿತ್ತು. ಹತ್ತು ನಿಮಿಷ ಮುಳುಗಿಸಿದರೆ ಕಂದು ಕರೆಯೂ ಹಸಿರು ಕಿಲುಬೂ ಬಿಟ್ಟು, ವಿನಿಗರ್ ತೆಳು ನೀಲಿಗೆ ತಿರುಗಿ, ತಾಮ್ರ ಹೊಸ ಕಾಸಿನ ಬಣ್ಣಕ್ಕೆ ಬರುತ್ತಿತ್ತು. ನಿಕಲ್ ಲೇಪದ ಕಥೆ ಬೇರೆ. ಲೇಪದಲ್ಲಿ ಕಣ್ಣಿಗೆ ಕಾಣದ ಒಂದು ಬಿರುಕಿದ್ದರೆ ಆಮ್ಲ ಅಲ್ಲಿಂದ ಒಳನುಗ್ಗಿ ಅಡಿಯ ತಾಮ್ರವನ್ನು ತಿನ್ನುತ್ತದೆ, ಮೇಲಿನ ಲೇಪ ಹಪ್ಪಳದಂತೆ ಏಳುತ್ತದೆ. ನನ್ನ ತಟ್ಟೆಯ ಒಂದು ಮೂಲೆಯಲ್ಲಿ ಆಗಲೇ ಎರಡು ಕಂದು ಚುಕ್ಕೆಗಳಿದ್ದವು. ಸೋಪು ಸಾಕು.

ಆ ರಾತ್ರಿಯೇ ಜೋಡಿಸಿ, ತಿಳಿ ಕೂಲೆಂಟ್ ತುಂಬಿಸಿ, ಅಳೆದೆ. ಅಂತರ 35. ಹರಿವು 205. ಒಂದೇ ಸಂಜೆಯಲ್ಲಿ ನಾಲ್ಕು ವರ್ಷ ಹಿಂದಕ್ಕೆ ಹೋಗಿದ್ದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬಿಚ್ಚಿದಾಗ ಬ್ಲಾಕಿನ ಕುರೂಪವನ್ನೂ ನೋಡಿಬಿಟ್ಟಿದ್ದೆನಲ್ಲ. ತಟ್ಟೆಯ ಅಡಿಯಲ್ಲಿ, ಪ್ರೊಸೆಸರ್ ತಾಕುವ ಕಡೆ, ಎರಡರ ನಡುವಿನ ಸಂದು ತುಂಬಲು ಹಚ್ಚಿದ್ದ ಹಳೆಯ ಥರ್ಮಲ್ ಪೇಸ್ಟ್ ಕೆರೆದ ಗೀರುಗಳು. ಮುಚ್ಚಳ ಮಬ್ಬು, ತೂತುಗಳ ಸುತ್ತ ಜೇಡರ ಬಲೆಯಂಥ ಗೆರೆಗಳು. ಕೈ ತುರಿಸತೊಡಗಿತು. ಮುಂದಿನ ವಾರ ಮತ್ತೆ ಎಲ್ಲವನ್ನೂ ಹರಿಸಿ ಬಿಚ್ಚಿದೆ. ಹೆಂಡತಿ ಒಮ್ಮೆ ಇಣುಕಿ, ಸರಿಯಾಯಿತು ಎಂದಿದ್ದಿರಲ್ಲ ಎಂದು ಕೇಳಿದಳು. ಸರಿಯಾದದ್ದಕ್ಕೇ ಈಗ ಹೊಳಪು ಕೊಡುವುದು ಎಂದೆ. ಅವಳು ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ತಟ್ಟೆಯನ್ನು ಉಜ್ಜುವ ಮುನ್ನ ಉಕ್ಕಿನ ಅಡಿಗೋಲಿನ ಅಂಚನ್ನು ಅದರ ಮೇಲೆ ನಿಲ್ಲಿಸಿ ಹಿಂದಿನಿಂದ ಬೆಳಕು ಹಿಡಿಯಬೇಕು. ಬ್ಲಾಕ್ ಜೋಡಿಸಿದ್ದಾಗ ನೋಡಿದರೆ ನಡುವೆ ತಾಕಿ ಎರಡು ತುದಿಗಳಲ್ಲಿ ಬೆಳಕಿನ ಎಳೆ ಕಾಣುತ್ತಿತ್ತು: ನಡು ಉಬ್ಬಿದೆ. ಗಾಬರಿಯಾಗಬಾರದು, ಎಷ್ಟೋ ಬ್ಲಾಕುಗಳಲ್ಲಿ ಇದು ಬೇಕೆಂದೇ ಮಾಡಿದ್ದು. ಒತ್ತಡ ನಡುವೆ, ಅಂದರೆ ಚಿಪ್ ಇರುವ ಕಡೆ, ಹೆಚ್ಚು ಬೀಳಲಿ ಎಂಬ ಲೆಕ್ಕ. ಒಳಗಿನ ಲೋಹದ ಹಾಳೆ ತಿರುಪಿನ ಬಿಗಿತಕ್ಕೆ ತಟ್ಟೆಯನ್ನು ಒತ್ತಿ ಉಬ್ಬಿಸುತ್ತದೆ. ಬಿಚ್ಚಿ ನೋಡಿದಾಗ ನನ್ನ ತಟ್ಟೆ ಬಹುತೇಕ ಸಮತಟ್ಟಾಗಿಯೇ ಇತ್ತು. ಹಾಗಾಗಿ ಬಿಡಿಯಾಗಿಯೇ ಉಜ್ಜಿದೆ. ಜೋಡಿಸಿದ ಸ್ಥಿತಿಯಲ್ಲೇ ಉಜ್ಜಿ ಸಮ ಮಾಡಿದ್ದರೆ ಆ ಉಬ್ಬನ್ನೇ ಅಳಿಸಿ, ಮಾಡಿದವರ ಲೆಕ್ಕ ಕೆಡಿಸುತ್ತಿದ್ದೆ.

ದಪ್ಪ ಗಾಜಿನ ಹಲಗೆ, ಮೇಲೆ ನೀರು ಹನಿಸಿ ಅಂಟಿಸಿದ ಮರಳುಕಾಗದ. ತಟ್ಟೆಯ ಮೇಲೆ ಮಾರ್ಕರ್‌ನಿಂದ ಚೌಕುಳಿ ಬರೆದುಕೊಂಡರೆ ಎಲ್ಲಿ ಉಜ್ಜುತ್ತಿದೆ, ಎಲ್ಲಿಲ್ಲ ಎಂದು ಶಾಯಿಯೇ ಹೇಳುತ್ತದೆ. ಕಾಗದದ ಸಂಖ್ಯೆ ಹೆಚ್ಚಿದಷ್ಟೂ ಮರಳು ನವಿರು. ನನ್ನ ಗೀರುಗಳಿಗೆ 1000ದ ಕಾಗದ ಸಾಕಿತ್ತು. ಬೇಗ ಮುಗಿಯಲೆಂದು 400ರಿಂದ ಶುರು ಮಾಡಿದೆ. ಅತಿ ಆಸೆ ಗತಿಗೇಡು. ನಿಕಲ್ ಲೇಪವೆಂದರೆ ಕೆಲವೇ ಮೈಕ್ರಾನ್. 400ರ ಕಾಗದದ ಒಂದು ಮರಳುಕಣವೇ ಸುಮಾರು 35 ಮೈಕ್ರಾನ್. ಎಂಟು ಹತ್ತು ಎಳೆತಕ್ಕೆ ಬೆಳ್ಳಿಬಣ್ಣದ ನಡುವೆ ಕೆಂಪು ತಾಮ್ರ ಇಣುಕಿತು, ಮೊದಲು ನಾಣ್ಯದಷ್ಟು, ಆಮೇಲೆ ಭೂಪಟದಲ್ಲಿನ ದ್ವೀಪದಷ್ಟು. ಅರೆಬರೆ ಬಿಡುವುದು ಇನ್ನೂ ಅಸಹ್ಯ ಎಂದು ಅಡಿಭಾಗದ ನಿಕಲ್ ಅನ್ನು ಪೂರ್ತಿ ತೆಗೆದೆ.

ಆಮೇಲೆ ಕೂತು ಯೋಚಿಸಿದಾಗ ಅದು ಅಂಥ ನಷ್ಟವಲ್ಲ ಎನಿಸಿತು. ಆ ಬದಿಯನ್ನು ನೀರು ಮುಟ್ಟುವುದೇ ಇಲ್ಲ, ಆದ್ದರಿಂದ ಅಲ್ಲಿ ನಿಕಲ್ ಕಾಯುತ್ತಿದ್ದುದು ತನ್ನ ಅಂದವನ್ನು ಮಾತ್ರ. ಗ್ಯಾಲಿಯಂ ಬೆರೆತ ದ್ರವಲೋಹವನ್ನು ಪೇಸ್ಟ್ ಬದಲು ಬಳಸುವವರಿಗೆ ಅದು ಬೇಕು, ಏಕೆಂದರೆ ಗ್ಯಾಲಿಯಂ ತಾಮ್ರದೊಳಗೆ ಇಳಿದು ಬೂದು ಕಲೆ ಬಿಡುತ್ತದೆ, ನಿಕಲ್ ಅದನ್ನು ತಡೆಯುತ್ತದೆ. ನಾನು ಬಳಸುವುದು ಸಾದಾ ಪೇಸ್ಟ್. ನೀರು ಹರಿಯುವ ಒಳಬದಿಯಲ್ಲಿ ಲೇಪ ಹಾಗೆಯೇ ಇದೆ, ಅಲ್ಲಿ ಮರಳುಕಾಗದ ತಾಕಿಸಲಿಲ್ಲ. ಮನೆಯಲ್ಲೇ ಮರುಲೇಪ ಹಾಕುವ ಯೋಚನೆ ಒಂದು ಗಳಿಗೆ ಬಂದದ್ದುಂಟು. ನಿಕಲ್ ಲವಣಗಳು ವಿಷಕಾರಿ, ಕ್ಯಾನ್ಸರ್‌ಗೂ ಕಾರಣ. ಯಾರ ಕಣ್ಣಿಗೂ ಬೀಳದ ಒಂದು ತಳಕ್ಕಾಗಿ ಅವನ್ನು ಮನೆಯೊಳಗೆ ತರುವಷ್ಟು ಹುಚ್ಚು ನನಗಿನ್ನೂ ಹಿಡಿದಿಲ್ಲ.

600, 1000, 1500, 2000. ಪ್ರತಿ ಕಾಗದ ಬದಲಿಸುವಾಗ ದಿಕ್ಕನ್ನೂ ಬದಲಿಸಿ, ಹಿಂದಿನ ಗೀರು ಪೂರ್ತಿ ಮಾಯವಾದ ಮೇಲೆ ಮುಂದಕ್ಕೆ. ಕೊನೆಗೆ ಲೋಹದ ಪಾಲಿಶ್. ಎರಡು ಸಂಜೆ ಹೋದವು. ತಾಮ್ರದಲ್ಲಿ ನನ್ನ ಮುಖ ಕಂಡಿತು, ಕ್ಷೌರ ಮಾಡಿಕೊಳ್ಳದ್ದೂ ಕಂಡಿತು. ಪೇಸ್ಟ್ ಹಚ್ಚಿ ಕೂರಿಸುವಾಗ ಆ ಕನ್ನಡಿ ಬೂದು ಮಣ್ಣಿನಡಿ ಹೂತುಹೋಯಿತು. ಅದರಿಂದ ಎಷ್ಟು ಲಾಭವಾಯಿತೆಂದು ಮುಂದೆ ಹೇಳುತ್ತೇನೆ, ಆದರೆ ನಿಮಗೆ ಈಗಾಗಲೇ ಅಂದಾಜು ಸಿಕ್ಕಿರಬೇಕು. ಶಾಖ ದಾಟುವುದಕ್ಕೆ ಬೇಕಾದದ್ದು ಸಮತಟ್ಟು, ಹೊಳಪಲ್ಲ. 1000ದ ಕಾಗದ ಉಳಿಸುವ ನವಿರು ಗೀರುಗಳನ್ನು ಪೇಸ್ಟ್ ಸುಲಭವಾಗಿ ತುಂಬುತ್ತದೆ.

ಮುಚ್ಚಳದ ಕಥೆ ಇನ್ನೂ ನಾಚಿಕೆಗೇಡು. ತೂತುಗಳ ಸುತ್ತಲಿನ ಜೇಡರ ಬಲೆ ನನ್ನದೇ ಹಳೆಯ ಪಾಪ. ಒಂದು ಕಾಲದಲ್ಲಿ ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸುತ್ತಿದ್ದೆ. ಲೋಹಕ್ಕೆ ಅದು ಸರಿ. ಅಕ್ರಿಲಿಕ್‌ಗೆ, ಅದರಲ್ಲೂ ಥ್ರೆಡ್ ಕೊರೆದು ಒಳಗೆ ಬಿಗಿತ ಉಳಿದಿರುವ ಕಡೆ, ಅದು ಬಿರುಕು ತರುತ್ತದೆ. ಸಾಲದ್ದಕ್ಕೆ ಫಿಟ್ಟಿಂಗ್‌ಗಳನ್ನು ಇಕ್ಕಳ ಹಾಕಿ ಬಿಗಿದಿದ್ದೆ. ಆ ತೂತುಗಳಿಗೆ ಹಾಕುವ ಕಾಲಿಂಚು ಫಿಟ್ಟಿಂಗ್‌ಗಳಲ್ಲಿ ನೀರು ತಡೆಯುವುದು ಓ-ರಿಂಗ್, ನಮ್ಮ ತೋಳ್ಬಲವಲ್ಲ. ಬೆರಳಲ್ಲಿ ತಿರುಗಿಸಿ, ತಾಕಿದ ಮೇಲೆ ತುಸು ಒತ್ತಿದರೆ ಸಾಕು. ಇದನ್ನು ತಿಳಿಯಲು ನನಗೆ ಒಂದು ಮುಚ್ಚಳ ಬೇಕಾಯಿತು.

ಓ-ರಿಂಗ್ ಕೂರುವ ಕಾಲುವೆಗೆ ಕೈ ಹಚ್ಚದೆ ಹೊರಮೈಯನ್ನು ಮಾತ್ರ ನೀರಿನಲ್ಲಿ ನೆನೆಸುತ್ತ 800ರಿಂದ 3000ದವರೆಗೆ ಉಜ್ಜಿದೆ, ಪ್ಲಾಸ್ಟಿಕ್ ಪಾಲಿಶ್ ಹಾಕಿ ತಿಕ್ಕಿದೆ. ಬೆಂಕಿಯ ಜ್ವಾಲೆ ಹಾಯಿಸಿ ಅಂಚುಗಳನ್ನು ಹೊಳೆಯಿಸುವ ವಿದ್ಯೆಯೂ ಇದೆ. ಅದು ಅಕ್ರಿಲಿಕ್‌ನೊಳಗೆ ಹೊಸ ಬಿಗಿತ ತುಂಬುತ್ತದೆ, ಬಿರುಕಿದ ತುಂಡಿಗೆ ಅದು ಮರಣಶಾಸನ. ಮೂರು ಸಂಜೆಯ ಕೊನೆಗೆ ಮುಚ್ಚಳ ತಿಳಿನೀರಿನಂತಾಯಿತು. ಆಗ ತಿಳಿಯಿತು, ಇಷ್ಟು ದಿನ ಆ ಮಬ್ಬು ನನ್ನ ಮಾನ ಕಾಪಾಡುತ್ತಿತ್ತು ಎಂದು. ಈಗ ಪ್ರತಿ ಬಿರುಕೂ ದೀಪದ ಬೆಳಕಿಗೆ ಬೆಳ್ಳಿ ಎಳೆಯಂತೆ ಹೊಳೆಯುತ್ತಿತ್ತು. ಅವು ಆಳಕ್ಕಿಳಿದಿಲ್ಲವೆಂದು ಭೂತಗನ್ನಡಿಯಲ್ಲಿ ಖಚಿತ ಮಾಡಿಕೊಂಡೆ. ಒಂದೇ ಒಂದು ಗೆರೆ ಓ-ರಿಂಗ್ ಕಾಲುವೆಯವರೆಗೆ ಹೋಗಿದ್ದರೂ ಮುಚ್ಚಳವನ್ನು ಎಸೆಯುತ್ತಿದ್ದೆ. ಆಮೇಲೆ 600ರ ಕಾಗದ ತೆಗೆದುಕೊಂಡು, ವರ್ತುಲಾಕಾರದಲ್ಲಿ ಕೈ ಆಡಿಸುತ್ತ, ಮೂರು ಸಂಜೆಯ ಕೆಲಸವನ್ನು ಕಾಲು ಗಂಟೆಯಲ್ಲಿ ಅಳಿಸಿದೆ. ಮುಚ್ಚಳ ಮಂಜುಗಾಜಿನಂತಾಗಿದೆ. ನಿಜ ಹೇಳಬೇಕೆಂದರೆ ಈಗಲೇ ಚೆಂದ. ಒಳಗಿನ ತಟ್ಟೆ ಮಸುಕು ನೆರಳಾಗಿ ಕಾಣುತ್ತದೆ, ಬೆರಳಚ್ಚು ಕಾಣುವುದಿಲ್ಲ.

ಓ-ರಿಂಗ್ ಬದಲಿಸಿದ್ದು ಅನಿವಾರ್ಯವಾಗಿ. ಹಳೆಯದನ್ನು ಕಾಲುವೆಯಲ್ಲಿ ಕೂರಿಸಿದರೆ ಒಂದು ಕಡೆ ಮಡಿಚಿ ಮೇಲೇಳುತ್ತಿತ್ತು, ಬೆಳೆದ ಹುಡುಗನಿಗೆ ಹಳೆಯ ಅಂಗಿ ತೊಡಿಸಿದಂತೆ. ಕಾರಣವೂ ನಾನೇ: ಸುಲಭವಾಗಿ ಕೂರಲೆಂದು ಹಿಂದೊಮ್ಮೆ ಪೆಟ್ರೋಲಿಯಂ ಜೆಲ್ಲಿ ಸವರಿದ್ದೆ. ಇಪಿಡಿಎಂ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ, ಹೀರಿ ಊದಿಕೊಳ್ಳುತ್ತದೆ. ಹೊಸದಕ್ಕೆ ಸಿಲಿಕೋನ್ ಗ್ರೀಸ್, ಅದೂ ಬೆರಳಿಗೆ ಮಿಂಚು ಬರುವಷ್ಟು ಮಾತ್ರ. ಅಳತೆಯನ್ನು ಊದಿದ ಹಳೆಯ ರಿಂಗಿನಿಂದ ತೆಗೆಯದೆ ಕಾಲುವೆಯಿಂದಲೇ ತೆಗೆಯುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು.

ಎಂಟು ತಿರುಪುಗಳನ್ನು ಎದುರುಬದುರಾಗಿ, ಪ್ರತಿ ಸುತ್ತಿನಲ್ಲೂ ಅರ್ಧ ತಿರುವಿನಂತೆ ಬಿಗಿದೆ. ದ್ರವ ತುಂಬುವ ಮುನ್ನ ಗಾಳಿ ತುಂಬಿ ಪರೀಕ್ಷೆ: ಕೈಪಂಪಿನಿಂದ ಅರ್ಧ ಬಾರ್ ಒತ್ತಡ ಕೊಟ್ಟು ಮುಳ್ಳನ್ನು ನೋಡುತ್ತ ಅರ್ಧ ಗಂಟೆ. ಮುಳ್ಳು ಅಲುಗಲಿಲ್ಲ. ತುಂಬಿಸಿದೆ, ಗಾಳಿಗುಳ್ಳೆ ಹೊರಹೋಗಲು ಕ್ಯಾಬಿನೆಟ್ಟನ್ನು ಆ ಕಡೆ ಈ ಕಡೆ ವಾಲಿಸಿದೆ, ಹೊರೆ ಕೊಟ್ಟೆ, ನೋಟ್‌ಪುಸ್ತಕ ತೆರೆದು ಕೂತೆ.

38.

ಹೊಳಪು ಕೊಡುವ ಮುನ್ನ 35 ಇದ್ದದ್ದು, ಒಂದು ವಾರದ ಶ್ರಮದ ನಂತರ ಮೂರು ಡಿಗ್ರಿ ಕೆಟ್ಟಿತ್ತು. ಪೇಸ್ಟ್ ಸರಿಯಾಗಿ ಹರಡಿಲ್ಲವೇನೋ ಎಂದು ಬಿಚ್ಚಿ ಮತ್ತೆ ಹಚ್ಚಿದೆ. 38. ತಟ್ಟೆಯನ್ನು ವಕ್ರವಾಗಿ ಉಜ್ಜಿಬಿಟ್ಟೆನೇನೋ ಎಂಬ ಸಂಶಯ ರಾತ್ರಿ ನಿದ್ದೆ ಕೆಡಿಸಿತು. ಬೆಳಿಗ್ಗೆ ಎದ್ದು, ಮಂಜುಗಾಜಿನ ಮುಚ್ಚಳವನ್ನು ಸುಮ್ಮನೆ ನೋಡುತ್ತ ನಿಂತಿದ್ದಾಗ ಹೊಳೆಯಿತು. ಒಳಹರಿವಿನ ತೂತಿನ ಪಕ್ಕ ಒಂದು ಪುಟ್ಟ ಬಾಣದ ಗುರುತಿತ್ತು. ಈಗ ಇಲ್ಲ. ಅದನ್ನೂ ನಾನೇ ಉಜ್ಜಿ ಅಳಿಸಿದ್ದೆ, ಮತ್ತು ಎರಡು ಕೊಳವೆಗಳನ್ನು ಅದಲುಬದಲು ಸಿಕ್ಕಿಸಿದ್ದೆ. ದ್ರವ ಸೀಳಿನಲ್ಲಿ ಧುಮುಕುವ ಬದಲು ಎರಡು ಬದಿಗಳಿಂದ ತೆವಳಿಕೊಂಡು ಬಂದು ಸೀಳಿನಲ್ಲಿ ಹೊರಹೋಗುತ್ತಿತ್ತು. ಫಿನ್‌ಗಳ ನಡುಭಾಗಕ್ಕೆ, ಚಿಪ್ ಸುಡುವ ಜಾಗಕ್ಕೆ, ಆಗಲೇ ಬಿಸಿಯಾದ ನೀರು ತಲುಪುತ್ತಿತ್ತು.

ಮೂರನೆಯ ಬಾರಿ ಹರಿಸಿದೆ. ಕೊಳವೆಗಳನ್ನು ಅದಲುಬದಲು ಮಾಡಿದೆ. 35. ಕನ್ನಡಿ ಹೊಳಪಿನ ಲಾಭ: ಸೊನ್ನೆ.

ಕ್ಯಾಬಿನೆಟ್ಟಿನ ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ. ಓ-ರಿಂಗಿನ ಅಳತೆ, ತಿರುಪುಗಳ ಅಲೆನ್ ಕೀ ಗಾತ್ರ, ದ್ರವ ತುಂಬಿದ ದಿನಾಂಕ, ಅಕ್ರಿಲಿಕ್‌ಗೆ ಆಲ್ಕೋಹಾಲ್ ಬೇಡ ಎಂಬ ಎಚ್ಚರಿಕೆ, ಎಲ್ಲವೂ ಅದರಲ್ಲಿವೆ. ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ, ಎರಡು ಗೆರೆ ಎಳೆದು: ಎಡಗಡೆಯದೇ ಒಳಹರಿವು.